ನಾಳೆಯ ಓಟಕ್ಕೆ ನಿನ್ನೆಯ ಪೆಟ್ಟಿಗೆ

ಹಳೆಯ ಆರ್ಕೇಡ್ ಆಟದ ಯಂತ್ರ ಕೊಳ್ಳಬೇಕೆಂಬ ಹುಚ್ಚು ಹತ್ತಿದವರು ಮೊದಲು ಲೆಕ್ಕ ಹಾಕುವುದು ದುಡ್ಡನ್ನು. ಹಾಕಬೇಕಾದ ಮೊದಲ ಲೆಕ್ಕ ಜಾಗದ್ದು. ಕೂತು ಆಡುವ ರೇಸಿಂಗ್ ಯಂತ್ರವೆಂದರೆ ಒಂದು ಬೈಕು ಮತ್ತು ಒಂದು ಬೀರು ಸೇರಿದಷ್ಟು ಗಾತ್ರ. ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಅದು ತಿರುಗುವುದೂ ಇಲ್ಲ, ಮಾಲೀಕರು ಬಿಡುವುದೂ ಇಲ್ಲ. ಈ ಒಂದು ವಿಷಯದಲ್ಲಿ ತೊಂಡೇಬಾವಿ ಬೆಂಗಳೂರಿಗಿಂತ ಮುಂದಿದೆ. ದೊಡ್ಡಬಳ್ಳಾಪುರ, ಮಾಕಳಿದುರ್ಗ ದಾಟಿ ರೈಲು ಗೌರಿಬಿದನೂರು ಸೇರುವ ಮುಂಚೆ ಸಿಗುವ ಈ ಹೋಬಳಿ ಊರಿನ ಸುತ್ತ ಹುಳು ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದ ರೇಷ್ಮೆ ಮನೆಗಳು, ಗೋಡೌನ್‌ಗಳು ಹುಡುಕಿದರೆ ಸಿಕ್ಕಾವು. ಮಳೆಯೂ ಕಡಿಮೆ. ಗೌರಿಬಿದನೂರು ಕಡೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ಉಬ್ಬಿಹೋಗುವ ಪ್ಲೈವುಡ್, ಬೂಷ್ಟು ಹಿಡಿಯುವ ಸರ್ಕೀಟ್ ಬೋರ್ಡು ಇಲ್ಲಿ ಹೆಚ್ಚು ಕಾಲ ಬಾಳುತ್ತವೆ.

ಜಾಗ ಸಿಕ್ಕಿತು, ಹವೆ ಒಳ್ಳೆಯದೇ ಇದೆ, ಕೈಯಲ್ಲಿ ನಾಲ್ಕು ಕಾಸೂ ಇದೆ ಎಂದಿಟ್ಟುಕೊಳ್ಳೋಣ. ಇಂಥ ಯಂತ್ರಕ್ಕೆ ನಿಜವಾಗಿ ಬೆಲೆ ಇದೆಯೇ? ಇದ್ದರೆ ಆ ಬೆಲೆ ಎಲ್ಲಿಂದ ಬರುತ್ತದೆ? ಇದನ್ನು ತಿಳಿಯಲು ಒಂದು ಯಂತ್ರವನ್ನು ಹಿಡಿದು ನೋಡುವುದೇ ಸರಿ. 1989ರಲ್ಲಿ ಅಮೆರಿಕದ ಅಟಾರಿ ಗೇಮ್ಸ್ ಕಂಪನಿ ಹೊರತಂದ ‘ಸ್ಟನ್ ರನ್ನರ್’ ಅದಕ್ಕೆ ತಕ್ಕ ಉದಾಹರಣೆ.

ಸುರಂಗದೊಳಗೆ ಒಂಬೈನೂರು ಮೈಲಿ

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿದ್ದ ಅಟಾರಿ ಗೇಮ್ಸ್, ಮನೆಗೆ ವಿಡಿಯೊ ಗೇಮ್ ಮಾರುತ್ತಿದ್ದ ಅಟಾರಿಯಲ್ಲ. 1984ರಲ್ಲಿ ಮೂಲ ಕಂಪನಿ ಇಬ್ಭಾಗವಾದಾಗ ಮನೆ ಬಳಕೆಯ ವ್ಯವಹಾರ ಒಬ್ಬರ ಪಾಲಾಯಿತು, ನಾಣ್ಯ ಹಾಕಿ ಆಡುವ ಯಂತ್ರಗಳ ವಿಭಾಗ ಬೇರೆಯಾಗಿ ಉಳಿಯಿತು. ಎಡ್ ರಾಟ್‌ಬರ್ಗ್ ಕೆಲಸ ಮಾಡುತ್ತಿದ್ದದ್ದು ಈ ಎರಡನೆಯದರಲ್ಲಿ. 1980ರಲ್ಲಿ ‘ಬ್ಯಾಟಲ್‌ಝೋನ್’ ಎಂಬ ಟ್ಯಾಂಕ್ ಯುದ್ಧದ ಆಟ ಮಾಡಿ ಹೆಸರು ಗಳಿಸಿದ್ದ ವಿನ್ಯಾಸಕಾರ ಅವರು. ಸ್ಟನ್ ರನ್ನರ್‌ನಲ್ಲೂ ಅವರ ಕೈಯಿದೆ.

ಆಟದ ಕತೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಭವಿಷ್ಯದ ಯಾವುದೋ ಕಾಲ. ನೆಲದಡಿ ಸುರಂಗಗಳ ಜಾಲ. ಚಕ್ರವಿಲ್ಲದ, ನೆಲ ಮುಟ್ಟದೆ ತೇಲುವ ವಾಹನದಲ್ಲಿ ನೀವು ನುಗ್ಗಬೇಕು. ವೇಗದ ಮೀಟರು ಗಂಟೆಗೆ 900 ಮೈಲಿ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 1,400 ಕಿಲೋಮೀಟರಿಗೂ ಮೇಲೆ, ಶಬ್ದದ ವೇಗಕ್ಕಿಂತ ಹೆಚ್ಚು. ತಿರುವಿನಲ್ಲಿ ವಾಹನವನ್ನು ಸುರಂಗದ ಹೊರಗೋಡೆಯ ಮೇಲೆ ಏರಿಸಿದರೆ ವೇಗ ಉಳಿಯುತ್ತದೆ, ಒಳಬದಿಗೆ ಬಿಟ್ಟರೆ ಕುಗ್ಗುತ್ತದೆ. ದಾರಿಯಲ್ಲಿ ಬಿದ್ದ ನಕ್ಷತ್ರಗಳನ್ನು ಕೂಡಿಸಿಕೊಂಡರೆ ಎದುರಾಳಿಗಳನ್ನು ಒಂದೇ ಏಟಿಗೆ ಅಳಿಸುವ ಅಸ್ತ್ರ ಸಿಗುತ್ತದೆ. ಸಮಯ ಮುಗಿಯುವುದರೊಳಗೆ ಸುರಂಗದ ಕೊನೆ ಮುಟ್ಟಬೇಕು. ಅಷ್ಟೆ.

ಆದರೆ ಆಡಿದವರ ನೆನಪಿನಲ್ಲಿ ಉಳಿದದ್ದು ಈ ಕತೆಗಿಂತ ಹೆಚ್ಚಾಗಿ ಆ ಪೆಟ್ಟಿಗೆ. ಅಚ್ಚು ಹಾಕಿ ಮಾಡಿದ ಪ್ಲಾಸ್ಟಿಕ್ಕಿನ ಅದರ ಮೈ ಆಟದೊಳಗಿನ ವಾಹನದ ರೂಪವನ್ನೇ ಹೋಲುತ್ತದೆ. ಮೋಟಾರ್ ಬೈಕಿನ ಮೇಲೆ ಕಾಲು ಚಾಚಿ ಕೂತಂತೆ ಅದರ ಮೇಲೆ ಕೂರಬೇಕು. ಕೈಯಲ್ಲಿ ಹಿಡಿಯುವುದು ವಿಮಾನದ ಪೈಲಟ್ ಹಿಡಿಯುವಂಥ ಹಿಡಿಕೆ. ಮುಂದಕ್ಕೆ ಬಾಗಿ ಹಿಡಿಕೆ ಹಿಡಿದಾಗ ಮುಖದೆದುರು ಪರದೆ ಬಿಟ್ಟು ಬೇರೇನೂ ಕಾಣದು. 1982ರ ‘ಪೋಲ್ ಪೊಸಿಷನ್’, 1986ರ ‘ಔಟ್‌ರನ್’ನಂಥ ಹಿಂದಿನ ರೇಸಿಂಗ್ ಆಟಗಳು ಭೂಮಿಯ ಮೇಲಿನ ಕಾರು, ಟಾರು ರಸ್ತೆ ತೋರಿಸಿದ್ದವು. ಇದು ಇನ್ನೂ ಹುಟ್ಟದ ವಾಹನವೊಂದನ್ನು ಏರಿಸಿ ಕೂರಿಸಿತು.

ಈ ಮಾದರಿಯ ಓಟ ಆಮೇಲೆ ಒಂದು ಪರಂಪರೆಯೇ ಆಯಿತು. 1990ರಲ್ಲಿ ನಿಂಟೆಂಡೊ ತನ್ನ ಮನೆ ಯಂತ್ರಕ್ಕೆ ‘ಎಫ್-ಝೀರೊ’ ತಂದಿತು. 1995ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಸಿಗ್ನೋಸಿಸ್ ಕಂಪನಿ ಪ್ಲೇಸ್ಟೇಷನ್‌ಗೆ ‘ವೈಪೌಟ್’ ಮಾಡಿತು. 2003ರಲ್ಲಿ ಸೇಗಾ ಆರ್ಕೇಡಿಗಾಗಿ ತಂದ ‘ಎಫ್-ಝೀರೊ ಎಎಕ್ಸ್’ನಲ್ಲಿ ಆಟಗಾರರು ಮನೆಯ ಗೇಮ್‌ಕ್ಯೂಬ್‌ನ ಮೆಮೊರಿ ಕಾರ್ಡನ್ನೇ ತಂದು ಸಿಕ್ಕಿಸಬಹುದಿತ್ತು. ಇಂದು ಸಂಗ್ರಹಕಾರರು ಹುಡುಕುವ ಪಟ್ಟಿಯಲ್ಲಿ ಇವೆಲ್ಲ ಇವೆ.

ಟೊಳ್ಳು ಮೈಯೊಳಗಿನ ಚಿಪ್ಪುಗಳು

ಸ್ಟನ್ ರನ್ನರ್‌ನ ಸುರಂಗಕ್ಕೆ ಬಣ್ಣ ಬಳಿದ ಚಿತ್ರವಿಲ್ಲ. ತ್ರಿಕೋನ, ಚತುಷ್ಕೋನಗಳಂಥ ಒಂದೇ ಬಣ್ಣದ ಬಹುಭುಜಗಳನ್ನು ಕ್ಷಣಕ್ಷಣವೂ ಲೆಕ್ಕ ಹಾಕಿ, ಹೊಸದಾಗಿ ಜೋಡಿಸಿ ಯಂತ್ರ ತೋರಿಸುತ್ತಿತ್ತು. ಇಂದು ಜೇಬಿನ ಫೋನು ಸಲೀಸಾಗಿ ಮಾಡುವ ಈ ಕೆಲಸ 1989ರಲ್ಲಿ ದುಬಾರಿಯಾಗಿತ್ತು. ಅದಕ್ಕೆ ಅಟಾರಿ ಗೇಮ್ಸ್ ಅದೇ ವರ್ಷದ ತನ್ನ ‘ಹಾರ್ಡ್ ಡ್ರೈವಿನ್’ ಆಟಕ್ಕೆ ಮಾಡಿದ್ದ ಸರ್ಕೀಟಿನ ಕುಟುಂಬವನ್ನೇ ಇಲ್ಲೂ ಬಳಸಿತು. ಯಜಮಾನಿಕೆಗೆ ಮೋಟೊರೊಲಾ 68010 ಪ್ರೊಸೆಸರ್, ಚಿತ್ರ ಬರೆಯಲು ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್‌ನ ಟಿಎಂಎಸ್34010, ಗಣಿತದ ಹೊರೆ ಹೊರಲು ಅನಲಾಗ್ ಡಿವೈಸಸ್‌ನ ಎಡಿಎಸ್‌ಪಿ-2100.

ಇವುಗಳಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಬೆಂಗಳೂರಿಗರಿಗೆ ಪರಿಚಿತ ಹೆಸರು. 1985ರಲ್ಲಿ ಅದು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ನಗರಕ್ಕೆ ಆ ಬಗೆಯಲ್ಲಿ ಮೊದಲಿಗೆ ಬಂದ ದೊಡ್ಡ ಬಹುರಾಷ್ಟ್ರೀಯ ಕಂಪನಿ ಅದು. ಅದಾಗಿ ನಾಲ್ಕು ವರ್ಷಕ್ಕೆ ಅದೇ ಕಂಪನಿಯ ಚಿಪ್ಪು ಅಮೆರಿಕದ ಆಟದ ಮನೆಗಳಲ್ಲಿ ಭವಿಷ್ಯದ ಸುರಂಗ ಕೊರೆಯುತ್ತಿತ್ತು. ನಮ್ಮ ಇಂಜಿನಿಯರುಗಳು ಚಿಪ್ಪಿನ ಲೋಕಕ್ಕೆ ಕಾಲಿಟ್ಟ ಆ ಹೊತ್ತಿನಲ್ಲಿ, ಚಿಪ್ಪಿನ ಆಟ ಆಡುವ ಜಾಗಗಳ ಮೇಲೆ ನಮ್ಮ ಪೊಲೀಸರ ಕಣ್ಣು ಬಿದ್ದಿತ್ತು. ಆ ಮಾತಿಗೆ ಮುಂದೆ ಬರುತ್ತೇನೆ.

ಬೆಲೆ ಹುಟ್ಟುವ ಜಾಗ

ಆಟವೇ ಬೇಕೆಂದರೆ ಇಂದು ಪೆಟ್ಟಿಗೆ ಬೇಕಾಗಿಲ್ಲ. 1990ರ ಆಸುಪಾಸಿನಲ್ಲೇ ಸ್ಟನ್ ರನ್ನರ್ ಮನೆಯ ಕಂಪ್ಯೂಟರುಗಳಿಗೆ ಬಂತು, 1991ರಲ್ಲಿ ಅಟಾರಿ ಲಿಂಕ್ಸ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ಬಂತು. 2005ರಲ್ಲಿ ಮಿಡ್‌ವೇ ಕಂಪನಿ ಹಳೆಯ ರೇಸಿಂಗ್ ಆಟಗಳನ್ನು ಒಂದೇ ಡಿಸ್ಕಿನಲ್ಲಿ ಕಟ್ಟಿ ಮಾರಿದಾಗ ಇದೂ ಅದರಲ್ಲಿತ್ತು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ‘ಮೇಮ್’ ಎಂಬ ತಂತ್ರಾಂಶ ಹಳೆಯ ಆರ್ಕೇಡ್ ಸರ್ಕೀಟುಗಳ ನಡೆಯನ್ನೇ ಮಾಮೂಲಿ ಕಂಪ್ಯೂಟರಿನಲ್ಲಿ ಅನುಕರಿಸುತ್ತದೆ. ಚಿಪ್ಪಿನೊಳಗಿನ ಆಟ ಹೀಗೆ ಎಷ್ಟು ಬೇಕಾದರೂ ನಕಲಾಗುತ್ತದೆ. ನಕಲಾಗುವ ವಸ್ತುವಿಗೆ ಸಂಗ್ರಹಕಾರ ದುಡ್ಡು ಸುರಿಯುವುದಿಲ್ಲ.

ನಕಲಾಗದೆ ಉಳಿದದ್ದು ಆ ಮೈ. ಅಚ್ಚಿನ ಆಸನ, ಆ ಹಿಡಿಕೆಯ ಭಾರ, ಕಿವಿಯ ಪಕ್ಕದ ಸ್ಪೀಕರು, ಪಿಕ್ಚರ್ ಟ್ಯೂಬಿನ ಹೊಳಪು. ಇವೆಲ್ಲ ಒಂದೇ ಕಡೆ, ಒಂದೇ ಆಟಕ್ಕಾಗಿ ಕೂಡಿಬಂದ ಪೆಟ್ಟಿಗೆ ಮತ್ತೆ ತಯಾರಾಗುವುದಿಲ್ಲ. ಮಾಡಿದವರೂ ಉಳಿದಿಲ್ಲ. 1996ರಲ್ಲಿ ಅಟಾರಿ ಗೇಮ್ಸ್ ಮಿಡ್‌ವೇ ಬಳಗದ ಕೈಸೇರಿತು, 2003ರಲ್ಲಿ ಅದರ ಕೊನೆಯ ಕಚೇರಿಯೂ ಮುಚ್ಚಿತು, 2009ರಲ್ಲಿ ಮಿಡ್‌ವೇ ದಿವಾಳಿಯಾದಾಗ ಹಕ್ಕುಗಳು ವಾರ್ನರ್ ಬ್ರದರ್ಸ್‌ಗೆ ಹೋದವು.

ಇದ್ದ ಪೆಟ್ಟಿಗೆಗಳೂ ಕಡಿಮೆಯಾಗುತ್ತ ಬಂದವು. ಅದಕ್ಕೆ ಕಾರಣ ಆರ್ಕೇಡ್ ವ್ಯಾಪಾರದ ಲೆಕ್ಕಾಚಾರವೇ. ಆಟದ ಮನೆ ನಡೆಸುವವರಿಗೆ ಯಂತ್ರವೆಂದರೆ ದಿನದ ಗಳಿಕೆ. ಗಳಿಕೆ ಇಳಿದರೆ ನೇರ ನಿಲ್ಲುವ ಪೆಟ್ಟಿಗೆಯ ಬೋರ್ಡನ್ನು ಕಿತ್ತು ಹೊಸ ಆಟದ ಬೋರ್ಡು ಕೂರಿಸುತ್ತಿದ್ದರು. 1985ರಲ್ಲಿ ಜಪಾನಿನ ತಯಾರಕರು ‘ಜಮ್ಮಾ’ ಎಂಬ ಸಮಾನ ಜೋಡಣೆಯನ್ನು ತಂದ ಮೇಲೆ ಇದು ಗಂಟೆಯೊಳಗಿನ ಕೆಲಸವಾಯಿತು. ಆದರೆ ಬೈಕಿನಾಕಾರದ ಪೆಟ್ಟಿಗೆಗೆ ಬೇರೆ ಆಟ ಹೊಂದುವುದಿಲ್ಲ. ಗಳಿಕೆ ನಿಂತ ದಿನ ಅದಕ್ಕೆ ಉಳಿದದ್ದು ಉಗ್ರಾಣದ ಮೂಲೆ, ಆಮೇಲೆ ಕಸದ ಲಾರಿ. ಬೇರೆ ಆಟಕ್ಕೆ ಬಾರದ ಆ ಗುಣವೇ ಅದನ್ನು ಅಂದು ಕೊಂದಿತು, ಇಂದು ಅದೇ ಗುಣ ಬೆಲೆ ತಂದುಕೊಡುತ್ತಿದೆ.

ಸಂಗ್ರಹಕಾರರು ಬೆಲೆ ಕಟ್ಟುವಾಗ ನೋಡುವ ಕ್ರಮವೂ ಹೀಗೇ ಇದೆ. ಮೈ ಒಡೆದಿದೆಯೇ, ಮೂಲ ಚಿತ್ರಗಳು ಉಳಿದಿವೆಯೇ? ಹಿಡಿಕೆ ಮೂಲದ್ದೇ? ಬೋರ್ಡುಗಳ ಮೇಲೆ ಯಾರಾದರೂ ಒಡ್ಡೊಡ್ಡಾಗಿ ಸೋಲ್ಡರಿಂಗ್ ಮಾಡಿದ್ದಾರೆಯೇ? ಪರದೆಯಲ್ಲಿ ಹಳೆಯ ಚಿತ್ರದ ನೆರಳು ಸುಟ್ಟು ಕೂತಿದೆಯೇ? ಕೊನೆಯ ಪ್ರಶ್ನೆ, ಈಗ ಓಡುತ್ತದೆಯೇ? ಬೋರ್ಡು ಕೆಟ್ಟರೂ ಬೇರೆ ಬೋರ್ಡು ಹುಡುಕಬಹುದು. ಒಡೆದ ಅಚ್ಚಿನ ಮೈ ಹುಡುಕಿದರೂ ಸಿಗುವುದು ಕಷ್ಟ. ಆದ್ದರಿಂದ ಓಡದ, ಆದರೆ ಮೈ ಪೂರ್ತಿ ಇರುವ ಯಂತ್ರವನ್ನು ತಿಳಿದವರು ಬಿಡುವುದಿಲ್ಲ.

ನಮ್ಮ ಪಾರ್ಲರ್‌ಗಳ ಪಾಡು

ಕರ್ನಾಟಕದಲ್ಲಿ ಆರ್ಕೇಡಿನ ಇತಿಹಾಸವನ್ನು ಹುಡುಕಿ ಹೊರಟರೆ ಅದು ಆಟದ ಪತ್ರಿಕೆಗಿಂತ ಮೊದಲು ಕೋರ್ಟಿನ ತೀರ್ಪಿನಲ್ಲಿ ಸಿಗುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆ ವಿಡಿಯೊ ಗೇಮ್ ಪಾರ್ಲರ್‌ಗಳದ್ದೇ. ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 1989ರ ಆದೇಶ ಈ ಯಂತ್ರಗಳಿಗೂ ಅನ್ವಯಿಸುತ್ತದೆಯೇ ಎಂಬುದು ಪ್ರಶ್ನೆ. ಅನ್ವಯಿಸುತ್ತದೆ, ಲಾಭಕ್ಕಾಗಿ ಇಂಥ ಯಂತ್ರ ಇಟ್ಟವರು ಪರವಾನಗಿ ಪಡೆಯಲೇಬೇಕು, ಆ ನಿರ್ಬಂಧ ಸಮಂಜಸ ಎಂದಿತು ಕೋರ್ಟು. ಸ್ಟನ್ ರನ್ನರ್ ಹುಟ್ಟಿದ್ದೂ 1989, ಬೆಂಗಳೂರಿನ ಆ ಆದೇಶ ಬಂದದ್ದೂ 1989.

ಆದೇಶಕ್ಕೆ ಕಾರಣ ಇಲ್ಲದಿರಲಿಲ್ಲ. ಆಟದ ಹೆಸರಿನಲ್ಲಿ ಇಸ್ಪೀಟು, ಪೋಕರ್ ಯಂತ್ರಗಳನ್ನಿಟ್ಟು ದುಡ್ಡು ಕೀಳುವವರು ಇದ್ದರು. ಆದರೆ ರೇಸಿಂಗ್ ಆಟ ಇಟ್ಟವನಿಗೂ ಜೂಜಿನ ಯಂತ್ರ ಇಟ್ಟವನಿಗೂ ಒಂದೇ ಅನುಮಾನದ ಮೊಹರು ಬಿತ್ತು. ಅಮ್ಮಂದಿರ ಬಾಯಲ್ಲಿ ‘ವಿಡಿಯೊ ಗೇಮ್ ಅಂಗಡಿ’ ಕೆಟ್ಟ ಸಹವಾಸದ ಮತ್ತೊಂದು ಹೆಸರಾಯಿತು. ಇಂಥ ಜಾಗದ ಯಂತ್ರವನ್ನು ಯಾರೂ ನೆನಪಿಗಾಗಿ ಉಳಿಸಿಕೊಳ್ಳುವುದಿಲ್ಲ. ಅಂಗಡಿ ಮುಚ್ಚಿದ ದಿನವೇ ಮಾರಿ ಕೈತೊಳೆದುಕೊಳ್ಳುತ್ತಾರೆ.

ಇಲ್ಲಿನ ಪೆಟ್ಟಿಗೆಗಳೂ ಬೇರೆ ಬಗೆಯವು. ಹಡಗಿನಲ್ಲಿ ಪೂರ್ತಿ ಯಂತ್ರ ತರಿಸುವುದು ದುಬಾರಿ. ಹೊರಗಿಂದ ಬೋರ್ಡು ತರಿಸಿ, ಇಲ್ಲಿನ ಬಡಗಿಯ ಕೈಲಿ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಟಿ.ವಿ. ಟ್ಯೂಬು ಕೂರಿಸುವುದು ಸಾಮಾನ್ಯವಾಗಿತ್ತು. ಸಣ್ಣ ಊರಿನ ಮಕ್ಕಳ ಪಾಲಿಗೆ ಅದೂ ದೂರವೇ. ಅವರಿಗೆ ಸಿಕ್ಕಿದ್ದು ಟಿ.ವಿ.ಗೆ ಸಿಕ್ಕಿಸುವ ಕ್ಯಾಸೆಟ್ಟಿನ ಗೇಮು, ಅದರಲ್ಲಿ ಕೋನಾಮಿ ಕಂಪನಿಯ 1984ರ ‘ರೋಡ್ ಫೈಟರ್’ನ ಕೆಂಪು ಕಾರು. ಗುಜರಿಯವನ ತಕ್ಕಡಿಗೆ ಇವೆಲ್ಲ ಒಂದೇ. ಮರ ಒಂದು ಕಡೆ, ತಾಮ್ರ ಒಂದು ಕಡೆ, ಬೋರ್ಡು ಇನ್ನೊಂದು ಕಡೆ. 2005ರ ಹೊತ್ತಿಗೆ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಕಂಪನಿ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವನ್ನು ನಡೆಸತೊಡಗಿತು. ಪರಿಸರಕ್ಕೆ ಅದು ಒಳ್ಳೆಯದೇ, ಏಕೆಂದರೆ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ಆದರೆ ಹಳೆಯ ಆಟದ ಬೋರ್ಡು ಎಂದು ಗುರುತಿಸುವವರಿಲ್ಲದಿದ್ದರೆ ಅದು ಕರಗಿಸುವ ಲೋಹವಷ್ಟೇ.

ಆಟ ಆಡುವ ಅಂಗಡಿ ಮಾನ ಕಳೆದುಕೊಂಡ ಅದೇ ದಶಕದಲ್ಲಿ ಆಟ ಮಾಡುವ ಉದ್ಯಮ ಬೆಂಗಳೂರಿನಲ್ಲಿ ಹುಟ್ಟಿತು. 1997ರಲ್ಲಿ ರಾಜೇಶ್ ರಾವ್ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ರೇಸಿಂಗ್ ಸರಣಿಯ ಕಾರುಗಳ ಚಿತ್ರಣದಲ್ಲಿ ಅದರ ಕಲಾವಿದರ ಪಾಲಿದೆ. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಜಗತ್ತಿನ ರೇಸಿಂಗ್ ಆಟಗಳಿಗೆ ಕಾರು ಬರೆದುಕೊಟ್ಟ ಊರಿನಲ್ಲಿ, ತನ್ನದೇ ರೇಸಿಂಗ್ ಯಂತ್ರಗಳನ್ನು ಜೋಪಾನ ಮಾಡುವ ಆಲೋಚನೆ ಹುಟ್ಟಲಿಲ್ಲ.

ಯೆಜ್ಡಿ ಹೇಗೆ ಉಳಿಯಿತು

ಹಳೆಯ ಯಂತ್ರಕ್ಕೆ ನಮ್ಮಲ್ಲಿ ಮರ್ಯಾದೆಯೇ ಇಲ್ಲವೆಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿ 1996ರಲ್ಲಿ ಮುಚ್ಚಿತು. ಆದರೂ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿವೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಸವಾರರು ಸೇರುತ್ತಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಮೈಸೂರು ಸಮೀಪದ ‘ಪಯಣ’ ಕಾರು ಸಂಗ್ರಹಾಲಯ ನೋಡಿದವರಿಗೆ ಹಳೆಯ ಗಾಡಿಗಳ ಮೇಲೆ ನಮಗಿರುವ ಪ್ರೀತಿ ಗೊತ್ತು.

ಯೆಜ್ಡಿ ಉಳಿದದ್ದು ಶ್ರೀಮಂತ ಸಂಗ್ರಹಕಾರರ ದುಡ್ಡಿನಿಂದಲ್ಲ. ಸೈಲೆನ್ಸರ್ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್ಕುಗಳು ಊರೂರಲ್ಲಿ ಇದ್ದರು. ಬಿಡಿಭಾಗ ಮಾರುವವರಿದ್ದರು, ಇಲ್ಲದ ಭಾಗವನ್ನು ಲೇತ್ ಮೇಲೆ ಕಡೆದುಕೊಡುವವರೂ ಇದ್ದರು. ಯಂತ್ರಕ್ಕೆ ಬೆಲೆ ಬರುವುದು ಅದನ್ನು ರಿಪೇರಿ ಮಾಡುವ ಕೈ ಇದ್ದಲ್ಲಿ ಮಾತ್ರ. ಆರ್ಕೇಡ್ ಯಂತ್ರಕ್ಕೆ ನಮ್ಮಲ್ಲಿ ಕೊರತೆಯಾದದ್ದು ಆ ಕೈ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ಸ್ಟ್ರಾಂಗ್ ಆಟದ ಸಂಗ್ರಹಾಲಯದಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಲಕೋನಿಯಾದ ಫನ್‌ಸ್ಪಾಟ್‌ನಲ್ಲಿ ಹಳೆಯ ಆರ್ಕೇಡುಗಳು ಇಂದೂ ಬೆಳಗುತ್ತಿದ್ದರೆ ಅದರ ಹಿಂದೆ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತವರ ಶ್ರಮವಿದೆ.

ವಿಪರ್ಯಾಸವೆಂದರೆ ಆ ಕೈ ನಮ್ಮಲ್ಲೂ ಇತ್ತು, ಬೇರೆ ಕೆಲಸದಲ್ಲಿ. ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬು ತಯಾರಿಸುತ್ತಿತ್ತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಪೇಟೆಗಳಲ್ಲಿ ಟಿ.ವಿ. ರಿಪೇರಿಯವರು ಇ.ಎಚ್.ಟಿ. ಎಂಬ ಅಧಿಕ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಬದಲಿಸುತ್ತಿದ್ದರು, ಒಣಗಿದ ಕೆಪಾಸಿಟರ್ ಕಿತ್ತು ಹೊಸದು ಹಾಕುತ್ತಿದ್ದರು. ಹಳೆಯ ಆರ್ಕೇಡ್ ಪರದೆಗೆ ಬರುವ ರೋಗಗಳಲ್ಲಿ ಮುಕ್ಕಾಲು ಪಾಲು ಇವೇ. ಪ್ಲಾಸ್ಮಾ, ಎಲ್ಇಡಿ ಪರದೆ ಬಂದ ಮೇಲೆ ಆ ಮೆಕ್ಯಾನಿಕ್ಕುಗಳು ಮೊಬೈಲ್ ರಿಪೇರಿಗೆ, ಇಲ್ಲವೇ ಸಿಸಿಟಿವಿ ಜೋಡಣೆಗೆ ಹೊರಳಿದರು. ಈ ಸೀಮೆಗೆ ಎಲೆಕ್ಟ್ರಾನಿಕ್ಸ್ ಹೊಸದೂ ಅಲ್ಲ. 1976ರಲ್ಲಿ ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕವನ್ನೇ ಕಟ್ಟಿದ್ದವು.

ಕೊಳ್ಳಬೇಕೆನ್ನುವವರಿಗೆ

ವಿದೇಶದಿಂದ ಸ್ಟನ್ ರನ್ನರ್ ತರಿಸಿ ತೊಂಡೇಬಾವಿಯಲ್ಲಿ ಇಡಬಹುದೇ? ಇಡಬಹುದು, ಆದರೆ ದಾರಿ ಉದ್ದ. ಬಳಸಿದ ಸಾಮಗ್ರಿಯ ಆಮದಿಗೆ ನಮ್ಮ ವಿದೇಶ ವ್ಯಾಪಾರ ನೀತಿಯಡಿ ಹೆಚ್ಚಿನ ಸಂದರ್ಭಗಳಲ್ಲಿ ಮುಂಗಡ ಅನುಮತಿ ಬೇಕು. ಆದ್ದರಿಂದ ದುಡ್ಡು ಕಳಿಸುವ ಮುಂಚೆ ಕಸ್ಟಮ್ಸ್ ಏಜೆಂಟರನ್ನು ಕೇಳಿ. ಯಂತ್ರದ ಬೆಲೆಗಿಂತ ಹಡಗಿನ ಬಾಡಿಗೆ, ಪ್ಯಾಕಿಂಗು, ಸುಂಕ ಸೇರಿದ ಮೊತ್ತ ದೊಡ್ಡದಾದರೆ ಆಶ್ಚರ್ಯವಿಲ್ಲ.

ಬಂದಿಳಿದ ಮೇಲೆ ಅದನ್ನು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅಮೆರಿಕದ ಯಂತ್ರಕ್ಕೆ ಬೇಕಾದ್ದು ಸುಮಾರು 120 ವೋಲ್ಟು, ನಮ್ಮದು 230. ಸರಿಯಾದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟ ಹೊತ್ತಿಗೆ ವೋಲ್ಟೇಜು ಕುಸಿಯುವ ಊರಾದರೆ ಸ್ಟೆಬಿಲೈಸರೂ ಬೇಕು. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಹಿಂಬದಿಯ ಮುಚ್ಚಳ ತೆಗೆಯುವ ಕೆಲಸವನ್ನು ತಿಳಿದ ಟಿ.ವಿ. ಮೆಕ್ಯಾನಿಕ್ಕಿಗೇ ಬಿಡಿ. ಪರದೆ ಸತ್ತರೆ ಮನೆಯ ಹಳೆಯ ಟಿ.ವಿ. ಟ್ಯೂಬನ್ನು ತಂದು ಕೂರಿಸಿದರಾಯಿತು ಎಂದುಕೊಳ್ಳಬೇಡಿ. ಆರ್ಕೇಡ್ ಪರದೆಗೆ ಕೆಂಪು, ಹಸಿರು, ನೀಲಿ ಸಂಕೇತಗಳು ಬೇರೆಬೇರೆಯಾಗಿ ಬರುತ್ತವೆ. ಕೆಲವು ಯಂತ್ರಗಳ ಪರದೆ ಮನೆ ಟಿ.ವಿ.ಗಿಂತ ಹೆಚ್ಚು ವೇಗದಲ್ಲಿ ಗೆರೆ ಎಳೆಯುತ್ತದೆ. ಸಣ್ಣ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಅಲ್ಲಿ ಕೆಪಾಸಿಟರ್ ಸಿಗುತ್ತದೆ, ಅಚ್ಚಿನ ಮೈ ಸಿಗದು.

ಇಷ್ಟೆಲ್ಲ ಓದಿಯೂ ಆಸೆ ಉಳಿದವರು ಕೊಳ್ಳಲಿ. ಹೂಡಿಕೆ ಎಂದು ಕೊಳ್ಳುವವರಿಗೆ ಮಾತ್ರ ನನ್ನ ಸಲಹೆ ಬೇಡವೆಂದೇ. ಜಮೀನಿನಂತೆ, ಬಂಗಾರದಂತೆ ಅದು ಸುಮ್ಮನೆ ಬಿದ್ದು ಬೆಲೆ ಏರಿಸಿಕೊಳ್ಳುವುದಿಲ್ಲ. ಓಡಿಸದೆ ಬಿಟ್ಟ ಪ್ರತಿ ವರ್ಷವೂ ಕೆಪಾಸಿಟರ್ ಒಣಗುತ್ತದೆ, ಜೋಡಣೆಗಳು ಕಿಲುಬು ಹಿಡಿಯುತ್ತವೆ, ಬೆಲೆ ಇಳಿಯುತ್ತದೆ.

ಈ ಸೀಮೆಯ ಓದುಗರು ಇದಕ್ಕಿಂತ ಅಗ್ಗದ, ಇದಕ್ಕಿಂತ ಹತ್ತಿರದ ಒಂದು ಕೆಲಸ ಮಾಡಬಹುದು. ಸ್ಟನ್ ರನ್ನರ್‌ಗೆ ಅಮೆರಿಕದಲ್ಲಿ ಕಾಯುವವರಿದ್ದಾರೆ. ನಮ್ಮ ಬಡಗಿ ಮಾಡಿದ ಪ್ಲೈವುಡ್ ಪೆಟ್ಟಿಗೆಗೆ, ಅದರ ಮೇಲೆ ಕೈಬರಹದಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ದರಪಟ್ಟಿಗೆ ಕಾಯುವವರು ಯಾರೂ ಇಲ್ಲ. ನಿಮ್ಮ ಚಿಕ್ಕಪ್ಪನೋ ಪಕ್ಕದ ಬೀದಿಯವರೋ ಒಂದು ಕಾಲದಲ್ಲಿ ಪಾರ್ಲರ್ ನಡೆಸಿದ್ದರೆ, ಗೋಡೌನಿನ ಮೂಲೆಯಲ್ಲಿ ಅಂಥದ್ದೊಂದು ಪೆಟ್ಟಿಗೆ ಇನ್ನೂ ಬಿದ್ದಿದ್ದರೆ, ಗುಜರಿಗೆ ಹಾಕುವ ಮುಂಚೆ ಫೋಟೊ ತೆಗೆಯಿರಿ. ಒಳಗಿನ ಬೋರ್ಡನ್ನು ಬಿಚ್ಚಿ, ಒಣ ಕಾಗದದಲ್ಲಿ ಸುತ್ತಿ, ಯಾವ ಊರು, ಯಾವ ಅಂಗಡಿ, ಯಾವ ಇಸವಿ, ಒಂದು ಆಟಕ್ಕೆ ಎಷ್ಟು ಪೈಸೆ ಎಂದು ಚೀಟಿ ಬರೆದು ಇಡಿ. ಪರವಾನಗಿ ಕಾಗದ ಉಳಿದಿದ್ದರೆ ಅದನ್ನೂ ಜೊತೆಗಿಡಿ. ನಡೆಸಿದವರು ಇನ್ನೂ ಇದ್ದರೆ ಅವರನ್ನು ಕೂರಿಸಿಕೊಂಡು ಮಾತಾಡಿಸಿ. ಕರ್ನಾಟಕದ ಆರ್ಕೇಡ್ ಇತಿಹಾಸವನ್ನು ಯಾರಾದರೂ ಬರೆಯುವ ದಿನ ಅವರಿಗೆ ಬೇಕಾಗುವುದು ಈ ಚೀಟಿಗಳೇ.